ಪಟ್ಟದಕಲ್ಲಿಗೊಂದು ಮಾದರಿ ಕಮ್ಮಟ ಬೇಕು

ಅಂಬಾಸಿಡರ್ ಕಾರಿನ ಉದ್ದ ಸುಮಾರು 4.3 ಮೀಟರ್. 1:24ರ ಅಳತೆಯಲ್ಲಿ ಅದರ ಮಾದರಿ ಕಟ್ಟಿದರೆ 18 ಸೆಂಟಿಮೀಟರ್ ಆಗುತ್ತದೆ, ಅಂದರೆ ಒಂದು ಗೇಣಿಗೂ ತುಸು ಕಡಿಮೆ. ಅಷ್ಟರೊಳಗೆ ಮುಂದಿನ ಜಾಲರಿ, ಗುಂಡನೆಯ ದೀಪಗಳು, ಬಾನೆಟ್ಟಿನ ಉಬ್ಬು, ಬಾಗಿಲ ಹಿಡಿಕೆ, ಸ್ಟೀರಿಂಗ್ ಎಲ್ಲವೂ ತಮ್ಮ ತಮ್ಮ ಪ್ರಮಾಣದಲ್ಲೇ ಕೂರಬೇಕು. ಇಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜವಾದ ಕಾರಿನಲ್ಲಿ ಎರಡೂವರೆ ಸೆಂಟಿಮೀಟರಿನಷ್ಟು ತಪ್ಪಿದ ಹಾಗೆ. ಬಣ್ಣವನ್ನು ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಬಾಗಿಲಿನ ಸಂದುಗಳೇ ಮುಚ್ಚಿಹೋಗುತ್ತವೆ; ತೆಳುವಾಗಿ ಸಿಂಪಡಿಸಿ, ಒಣಗಲು ಬಿಟ್ಟು, ಉಪ್ಪುಕಾಗದದಿಂದ ನಯವಾಗಿ ತಿಕ್ಕಿ ಮತ್ತೆ ಸಿಂಪಡಿಸಬೇಕು. ಹಳೆಯ ಕಾರುಗಳ ಮಾದರಿ ಕಟ್ಟುವ ಈ ಹವ್ಯಾಸವನ್ನು ದೊಡ್ಡವರ ಆಟಿಕೆ ಎಂದು ತಳ್ಳಿಹಾಕುವವರು ನಮ್ಮಲ್ಲಿ ಬಹಳ. ನನ್ನ ವಾದ ಬೇರೆ. ಇದು ಕಣ್ಣಿಗೂ ಕೈಗೂ ಒಟ್ಟಿಗೆ ಪಾಠ ಹೇಳುವ ವಿದ್ಯೆ. ಕನ್ನಡ ನಾಡಿಗೆ ಇದು ಹೊಸತೂ ಅಲ್ಲ. ಬಾಗಲಕೋಟೆ ಜಿಲ್ಲೆಯ ಮಕ್ಕಳಿಗೆ ಇದನ್ನು ಕ್ರಮವಾಗಿ ಕಲಿಸುವ ಕಮ್ಮಟವೊಂದು ಪಟ್ಟದಕಲ್ಲಿನಲ್ಲಿ ಆಗಬೇಕು.

ಪಟ್ಟದಕಲ್ಲೇ ಯಾಕೆ? ಅಲ್ಲಿನ ಗುಡಿಗಳೇ ಮಾದರಿಗಳಿಂದ ಕಟ್ಟಿದ ಗುಡಿಗಳು. ವಿರೂಪಾಕ್ಷ ದೇವಾಲಯದ ವಿಮಾನವನ್ನು ತುಸು ಹೊತ್ತು ನಿಂತು ನೋಡಬೇಕು. ಒಂದೊಂದು ಅಂತಸ್ತಿನ ಅಂಚಿನಲ್ಲೂ ಕಿರುಗುಡಿಗಳ ಸಾಲಿದೆ: ಮೂಲೆಗಳಲ್ಲಿ ಚೌಕನೆಯ ಕೂಟ, ನಡುವೆ ಉದ್ದನೆಯ ಚಾವಣಿಯ ಶಾಲೆ. ತುತ್ತತುದಿಯಲ್ಲಿ ಕುಳಿತ ಚೌಕ ಶಿಖರ ಯಾವ ಆಕಾರದ್ದೋ ಮೂಲೆಯ ಕೂಟವೂ ಅದೇ ಆಕಾರದ್ದು, ಅಳತೆ ಮಾತ್ರ ಕಿರಿದು. ಪಕ್ಕದ ಗಳಗನಾಥ ಗುಡಿಯ ನಾಗರ ಶಿಖರದಲ್ಲೂ ಇದೇ ಲೆಕ್ಕಾಚಾರ. ತುದಿಯಲ್ಲಿ ದೊಡ್ಡ ಆಮಲಕ, ಮೂಲೆಗಳುದ್ದಕ್ಕೂ ಅದರದೇ ಚಿಕ್ಕ ರೂಪಗಳು. ಮೂರು ಶತಮಾನ ಕಳೆದ ಮೇಲೆ ಲಕ್ಕುಂಡಿ, ಇಟಗಿಯ ಶಿಲ್ಪಿಗಳು ಈ ಅಭ್ಯಾಸವನ್ನು ಇನ್ನೂ ಮುಂದೆ ಒಯ್ದು, ಬಗೆಬಗೆಯ ಶಿಖರಗಳ ಕಿರುರೂಪಗಳನ್ನು ಗೋಡೆಯ ಅರೆಗಂಬಗಳ ಮೇಲೆ ಕೆತ್ತಿದರು. ದೊಡ್ಡದನ್ನು ಚಿಕ್ಕದಾಗಿ ಮಾಡಬಲ್ಲವನಿಗೆ ಮಾತ್ರ ಅದರ ಪ್ರಮಾಣ ಗೊತ್ತಿರುತ್ತದೆ ಎಂಬ ತಿಳಿವಳಿಕೆ ಆ ಕೆಲಸದ ಬುಡದಲ್ಲಿದೆ. ಆ ತಿಳಿವಳಿಕೆಗೆ ಅಂದು ಗೌರವವೂ ಇತ್ತು. ವಿರೂಪಾಕ್ಷ ಗುಡಿ ಕಟ್ಟಿದ ಗುಂಡನೆಂಬ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದದ್ದನ್ನೂ, ಸರ್ವಸಿದ್ಧಿ ಆಚಾರಿಯ ಹೆಸರನ್ನೂ ಅಲ್ಲಿನ ಶಾಸನಗಳು ಉಳಿಸಿಕೊಂಡು ಬಂದಿವೆ.

ಮಾದರಿ ಕಟ್ಟುವುದು ಬರೀ ನಕಲು, ಅದರಲ್ಲಿ ಸ್ವಂತಿಕೆ ಎಲ್ಲಿದೆ ಎಂಬುದು ಮೊದಲ ಆಕ್ಷೇಪ. ಇದಕ್ಕೂ ಪಟ್ಟದಕಲ್ಲಿನ ಅಂಗಳದಲ್ಲೇ ಉತ್ತರ ಸಿಗುತ್ತದೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಸುಮಾರು ಕ್ರಿ.ಶ. 740ರಲ್ಲಿ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದಳು. ಕಂಚಿಯ ಕೈಲಾಸನಾಥ ದೇವಾಲಯದ ಪ್ರಭಾವ ಅದರ ಮೇಲೆ ಎದ್ದು ಕಾಣುತ್ತದೆ. ಅವಳ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಅದರ ಮಗ್ಗುಲಲ್ಲೇ ಮಲ್ಲಿಕಾರ್ಜುನ ಗುಡಿಯನ್ನು ಕಟ್ಟಿಸಿದಳು. ವಿನ್ಯಾಸ ಹೆಚ್ಚು ಕಡಿಮೆ ಒಂದೇ, ಗಾತ್ರ ಮಾತ್ರ ಚಿಕ್ಕದು. ಆದರೆ ಶಿಲ್ಪಿ ಕಣ್ಣುಮುಚ್ಚಿ ಕುಗ್ಗಿಸಲಿಲ್ಲ. ವಿರೂಪಾಕ್ಷದ ಚೌಕ ಶಿಖರದ ಬದಲು ಇಲ್ಲಿ ದುಂಡು ಶಿಖರ ಇಟ್ಟ. ಅಳತೆ ಬದಲಾದಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ತಿದ್ದಬೇಕು ಎಂಬ ತೀರ್ಮಾನ ಕೈಗೊಳ್ಳುವುದರಲ್ಲೇ ಕಲೆಗಾರಿಕೆ ಇದೆ. ಕಾರಿನ ಮಾದರಿ ಕಟ್ಟುವವರೂ ದಿನವೂ ಎದುರಿಸುವ ಪ್ರಶ್ನೆ ಇದೇ. ತಗಡಿನ ನಿಜವಾದ ದಪ್ಪವನ್ನು 24 ಪಾಲು ಮಾಡಿದರೆ ಅದು ಕೈಯಲ್ಲಿ ನಿಲ್ಲುವುದಿಲ್ಲ. ದಪ್ಪವನ್ನೇ ಉಳಿಸಿಕೊಂಡರೆ ಕಣ್ಣಿಗೆ ಒರಟಾಗಿ ಕಾಣುತ್ತದೆ. ಬಾಗಿಲಿನ ಅಂಚನ್ನು ಮಾತ್ರ ಒಳಗಿನಿಂದ ಹೆರೆದು ತೆಳುವಾಗಿಸುವ ಉಪಾಯ ಹೊಳೆಯುವುದು ಯೋಚಿಸುವ ಕೈಗೆ ಮಾತ್ರ.

ಎರಡನೆಯ ಆಕ್ಷೇಪ ತಂದೆ ತಾಯಿಗಳದು: ಇದರಿಂದ ಅನ್ನ ಹುಟ್ಟುತ್ತದೆಯೇ, ಪರೀಕ್ಷೆಯಲ್ಲಿ ಅಂಕ ಬರುತ್ತದೆಯೇ? ಚಿಂತೆ ನ್ಯಾಯವಾದದ್ದೇ. ಆದರೆ ಅನುಭವ ಬೇರೆಯೇ ಹೇಳುತ್ತದೆ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 1930ರಿಂದ 1968ರವರೆಗೆ ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್ ಎಂಬ ಸ್ಪರ್ಧೆಯನ್ನು ಹದಿಹರೆಯದ ಹುಡುಗರಿಗಾಗಿ ನಡೆಸಿತು. ಮೊದಮೊದಲು ಹಳೆಯ ಕಾಲದ ಕುದುರೆ ಸಾರೋಟಿನ ಮಾದರಿ, ಆಮೇಲೆ ಹುಡುಗರು ತಾವೇ ವಿನ್ಯಾಸ ಮಾಡಿದ ಕಾರಿನ 1:12 ಅಳತೆಯ ಮಾದರಿ. ಗೆದ್ದವರಿಗೆ ಕಾಲೇಜು ಓದಲು ವಿದ್ಯಾರ್ಥಿವೇತನ. 1947ರಲ್ಲಿ ಅದರಲ್ಲಿ ಗೆದ್ದ ಚಕ್ ಜಾರ್ಡನ್ ಮುಂದೆ ಅದೇ ಸಂಸ್ಥೆಯ ವಿನ್ಯಾಸ ವಿಭಾಗದ ಮುಖ್ಯಸ್ಥನ ಕುರ್ಚಿಯವರೆಗೆ ಏರಿದ. ಆ ಹುಡುಗರಲ್ಲಿ ಅನೇಕರು ವಿನ್ಯಾಸಕಾರರಾದರು, ಎಂಜಿನಿಯರುಗಳಾದರು. ಮಾದರಿ ಮಾಡಿದವರೆಲ್ಲ ದೊಡ್ಡ ಹುದ್ದೆಗೇರುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಅನುಪಾತವನ್ನು ಪುಸ್ತಕದ ಲೆಕ್ಕವಾಗಿ ಬಾಯಿಪಾಠ ಮಾಡಿದ ಹುಡುಗಿಗೂ, ಚಕ್ರದ ವ್ಯಾಸವನ್ನು ತಾನೇ ಭಾಗಿಸಿ ಕತ್ತರಿಸಿದ ಹುಡುಗಿಗೂ ಇರುವ ವ್ಯತ್ಯಾಸವನ್ನು ಯಾವ ಗಣಿತದ ಮೇಷ್ಟ್ರೂ ಅಲ್ಲಗಳೆಯಲಾರರು.

ಇದು ದುಡ್ಡಿದ್ದವರ ಹವ್ಯಾಸ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊರದೇಶದಿಂದ ಬರುವ ಪ್ಲಾಸ್ಟಿಕ್ ಕಿಟ್ಟುಗಳು, ಅವುಗಳ ಬಣ್ಣ, ಗಾಳಿಯ ಕುಂಚ ಎಲ್ಲವೂ ದುಬಾರಿ. ಆದರೆ ಕಿಟ್ಟು ತಂದು ಜೋಡಿಸುವುದು ಈ ಹವ್ಯಾಸದ ಒಂದು ಬಗೆ ಮಾತ್ರ. ಬಾದಾಮಿ, ಹುನಗುಂದ, ಇಳಕಲ್ಲಿನ ಹಳ್ಳಿಗಳ ಹುಡುಗರು ಜೋಳದ ದಂಟಿನ ಬೆಂಡನ್ನು ತುಂಡರಿಸಿ, ಸಿಬಿರು ಚುಚ್ಚಿ, ನೊಗ, ಮೂಕಿ, ಗಾಲಿಗಳ ಸಮೇತ ಚಕ್ಕಡಿ ಮಾಡುತ್ತ ಬಂದವರು. ಮಣ್ಣೆತ್ತಿನ ಅಮವಾಸ್ಯೆಗೆ ಜಿಗಟು ಮಣ್ಣು ತಂದು ಎತ್ತಿನ ಡುಬ್ಬ, ಕೊಂಬು ತಿದ್ದಿದವರು. ಮಾದರಿ ಕಟ್ಟುವ ಕೈ ಇಲ್ಲಿ ಇದ್ದೇ ಇದೆ. ಅದಕ್ಕೆ ಕೊಡಬೇಕಾದದ್ದು ಅಳತೆಪಟ್ಟಿ, ನಕ್ಷೆ ಮತ್ತು ಹೇಳಿಕೊಡುವವರು. ರಟ್ಟು, ಬೆಂಡು, ಮಣ್ಣು, ಬಡಗಿಯ ಅಂಗಡಿಯಲ್ಲಿ ಉಳಿದ ಮರದ ಚೂರು ಇಷ್ಟಿದ್ದರೆ ಕೆಲಸ ಶುರುವಾಗುತ್ತದೆ. ಇನ್ನೊಂದು ದಿಕ್ಕಿನಿಂದ ನೋಡಿದರೆ, ನಿಜವಾದ ವಿಂಟೇಜ್ ಕಾರು ಇಟ್ಟುಕೊಳ್ಳುವುದು ಎಷ್ಟು ಮಂದಿಗೆ ಸಾಧ್ಯ? ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಅಂಥ ವಾಹನವನ್ನು ಸಾಕುವ ಶಕ್ತಿ ಕೆಲವರಿಗಷ್ಟೇ ಉಂಟು. ಮಾದರಿಯಾದರೋ ಆ ಚರಿತ್ರೆಯನ್ನು ಬಡವರ ಮನೆಯ ಗೂಡಿಗೂ ತರುತ್ತದೆ.

ಲೇಸರ್ ಸ್ಕ್ಯಾನಿಂಗ್, ತ್ರೀಡಿ ಮುದ್ರಣ ಬಂದ ಮೇಲೆ ಕೈಯಿಂದ ಮಾಡುವ ಹಂಗೇಕೆ ಎನ್ನುವವರಿದ್ದಾರೆ. ಈ ಯಂತ್ರಗಳು ಬೇಕು. ಸ್ಮಾರಕಗಳ ದಾಖಲೆಗೆ ಅವುಗಳಿಂದ ಆಗುವ ಉಪಕಾರ ದೊಡ್ಡದು. ಆದರೆ ಯಂತ್ರ ಹಿಡಿಯುವುದು ಮೇಲ್ಮೈಯನ್ನು. ಯಾವ ಕಲ್ಲಿನ ಮೇಲೆ ಯಾವ ಕಲ್ಲು ಕುಳಿತಿದೆ, ಯಾವುದನ್ನು ಮೊದಲು ಕೂರಿಸದಿದ್ದರೆ ಇನ್ನೊಂದು ಕೂರುವುದಿಲ್ಲ ಎಂಬುದು ಒಂದೊಂದೇ ಪದರ ಇಟ್ಟು ಕಟ್ಟಿದವರಿಗೆ ತಿಳಿಯುತ್ತದೆ. ಗುಂಡಿ ಒತ್ತಿ ಮುದ್ರಿಸಿದ ವಿರೂಪಾಕ್ಷ ಗುಡಿ ಮೇಜಿನ ಮೇಲಿನ ಅಲಂಕಾರವಾಗುತ್ತದೆ. ಅಧಿಷ್ಠಾನದಿಂದ ಶಿಖರದವರೆಗೆ ತಾನೇ ಪೇರಿಸಿದ ಹುಡುಗನಿಗೆ ಅದು ಪಾಠವಾಗುತ್ತದೆ. ಅಂಥ ಹುಡುಗ ನಿಜವಾದ ಗೋಡೆಯ ಮೇಲೆ ಹೆಸರು ಗೀಚುವುದಿಲ್ಲ. ಸ್ಮಾರಕಗಳ ರಕ್ಷಣೆಗೆ ಬೇಲಿ ಬೇಕು, ಕಾವಲುಗಾರ ಬೇಕು. ಆದರೆ ಊರಿನ ಮಕ್ಕಳಿಗೆ ಅದರ ಒಳಗುಟ್ಟು ಗೊತ್ತಿರುವುದಕ್ಕಿಂತ ಗಟ್ಟಿಯಾದ ಕಾವಲಿಲ್ಲ.

ಹಾಗಾದರೆ ಏನು ಮಾಡಬೇಕು? ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಸ್ಮಾರಕಗಳ ಆವರಣಕ್ಕೆ ಧಕ್ಕೆಯಾಗದಂತೆ, ಊರಿನಲ್ಲೇ ಒಂದು ಸಾದಾ ಕಟ್ಟಡದಲ್ಲಿ ರಜಾದಿನಗಳ ಮಾದರಿ ಕಮ್ಮಟ ಆರಂಭಿಸಬಹುದು. ಅಳತೆಯ ನಕ್ಷೆಗಳಿಗೆ ಕೊರತೆಯಿಲ್ಲ. ಹೆನ್ರಿ ಕಸಿನ್ಸ್ 1926ರಲ್ಲೇ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಬಗೆಗಿನ ತನ್ನ ಗ್ರಂಥದಲ್ಲಿ ನಕ್ಷೆಗಳನ್ನು ಪ್ರಕಟಿಸಿದ್ದಾನೆ. ಮಾದರಿಯಿಂದ ಜನರಿಗೆ ತಿಳಿಹೇಳಬಹುದು ಎಂಬುದಕ್ಕೆ ಬಾದಾಮಿಯ ಪುರಾತತ್ತ್ವ ವಸ್ತು ಸಂಗ್ರಹಾಲಯದಲ್ಲಿರುವ ಶಿಡ್ಲಫಡಿ ಗವಿಯ ಮಾದರಿಯೇ ಸಾಕ್ಷಿ. ಬಾಗಲಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಇಳಕಲ್ಲಿನ ಕಲ್ಲುಕೆಲಸದವರು, ಊರೂರಿನ ಬಡಗಿಗಳು ಒಂದೇ ಮೇಜಿನ ಸುತ್ತ ಕೂತು ಮಕ್ಕಳಿಗೆ ಕಲಿಸಲಿ. ಗುಡಿಗಳಿಂದ ಆರಂಭಿಸಿದ ಮಕ್ಕಳು ವಾಹನಗಳಿಗೂ ಬರಲಿ: ಬನಶಂಕರಿ ತೇರಿನ ಹಗ್ಗ ಹೊತ್ತು ಬರುವ ಮಾಡಲಗೇರಿಯ ಹಳಿಬಂಡಿ, 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್, ಊರಿಗೆ ಮೊದಲು ಬಂದ ಕೆಂಪು ಬಸ್ಸು. ಆಲಮಟ್ಟಿಯ ಹಿನ್ನೀರಿಗೆ ಮನೆ ಮಠ ಬಿಟ್ಟುಕೊಟ್ಟ ಹಳೆ ಬಾಗಲಕೋಟೆಯ ಓಣಿಗಳನ್ನು, ಅಲ್ಲಿ ಬಾಳಿದವರು ಇನ್ನೂ ನಮ್ಮ ನಡುವೆ ಇರುವಾಗಲೇ, ಅವರನ್ನು ಕೇಳಿ ಮಾದರಿಯಲ್ಲಿ ಮರಳಿ ಕಟ್ಟಲಿ. ಇದಕ್ಕೆ ಕೋಟಿಗಳ ಯೋಜನೆ ಬೇಡ. ಒಂದು ಕೋಣೆ, ಕೆಲವು ಉಪಕರಣ, ವರ್ಷಕ್ಕೊಮ್ಮೆ ಜಿಲ್ಲಾ ಮಟ್ಟದ ಸ್ಪರ್ಧೆ, ಗೆದ್ದವರಿಗೆ ವಿದ್ಯಾರ್ಥಿವೇತನ ಇದ್ದರೆ ಸಾಕು. ಚಾಲುಕ್ಯೋತ್ಸವದ ವೇದಿಕೆಗೆ ಹಣ ಹೊಂದಿಸುವ ಜಿಲ್ಲಾಡಳಿತಕ್ಕೆ ಇದು ಭಾರವಾಗದು. ಬರುವ ಬೇಸಿಗೆ ರಜೆಯಲ್ಲೇ ಮೊದಲ ತಂಡ ಕೂರಬೇಕು.