ಹಿಡಿದವನಿಗೆ 100, ಬಿಡಿಸಿಕೊಂಡವನಿಗೆ 500!

ಹುತ್ತೂರು ಹೋಬಳಿಯ ಕೂಲಿಕಾರನ ಮನೆಯಲ್ಲಿ ಇರುವುದು ಒಂದೇ ಹಸು. ಡೇರಿಗೆ ಹಾಕುವ ಹಾಲಿನಿಂದಲೇ ಅಂಗಡಿಯ ಸಾಲ ತೀರಬೇಕು, ಮಕ್ಕಳ ಪುಸ್ತಕ ಬರಬೇಕು. ದಾರಿಯಲ್ಲಿ ಹೋಗುತ್ತಿದ್ದ ಆ ಹಸುವನ್ನು ಜಮೀನುದಾರನೊಬ್ಬ ಹೊಡೆದುಕೊಂಡು ಹೋಗಿ, "ನನ್ನ ಬೆಳೆ ಮೇಯಿತು" ಎಂದು ದೊಡ್ಡಿಗೆ ತಳ್ಳಿದರೆ ಆ ಮನೆಯ ಗತಿಯೇನು? ಕಾನೂನಿದೆ, ಹೋಗಿ ಕೇಳಿ ಎನ್ನುತ್ತಾರೆ ದೊಡ್ಡವರು.

ಕೇಳಿಯೇ ಬಿಡೋಣ. ಬ್ರಿಟಿಷರು 1871ರಲ್ಲಿ ಮಾಡಿದ ದನಗಳ ಅತಿಕ್ರಮ ಪ್ರವೇಶ ಕಾಯಿದೆ ಏನು ಹೇಳಿತು? ಬೆಳೆಗೆ ಹಾನಿಮಾಡಿದ ದನವನ್ನು ಹಿಡಿದವನು 24 ಗಂಟೆಯೊಳಗೆ ದೊಡ್ಡಿಗೆ ಕಳಿಸಬೇಕು. ಅನ್ಯಾಯವಾಗಿ ಹಿಡಿದಿದ್ದರೆ ಒಡೆಯನು 10 ದಿನದೊಳಗೆ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಗೆದ್ದರೆ ಪರಿಹಾರ 100 ರೂಪಾಯಿ ಮೀರುವಂತಿಲ್ಲ. ಜೊತೆಗೆ ತೆತ್ತ ದಂಡ ಮತ್ತು ಬಿಡಿಸಿಕೊಂಡ ಖರ್ಚು. ಅದೇ ಕಾಯಿದೆಯಲ್ಲಿ, ಹಿಡಿಯತಕ್ಕ ದನವನ್ನು ಬಲವಂತದಿಂದ ಬಿಡಿಸಿಕೊಂಡವನಿಗೆ 6 ತಿಂಗಳವರೆಗೆ ಸೆರೆ, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ! ಹಿಡಿದದ್ದು ನ್ಯಾಯವೋ ಅನ್ಯಾಯವೋ ಎಂದು ರಸ್ತೆಯಲ್ಲಿ ನಿಂತ ಬಡವ ಹೇಗೆ ತೀರ್ಮಾನಿಸಬೇಕು ಸ್ವಾಮಿ? ಯಾರ ಕೈಗೆ ಕೋಲು ಕೊಟ್ಟರೆಂಬುದು ಈ ಎರಡು ಅಂಕಿಗಳಲ್ಲೇ ಇದೆ.

1966ರಲ್ಲಿ ನಮ್ಮ ರಾಜ್ಯ ತನ್ನದೇ ಕಾಯಿದೆ ಮಾಡಿಕೊಂಡಿತು. ಗೋಡೆಗೆ ಸುಣ್ಣ ಬಿತ್ತು, ತಳಪಾಯ ಹಳೆಯದೇ.

ಆದರೂ ಕೈಕಟ್ಟಿ ಕೂರಬೇಡಿ ಎನ್ನುತ್ತೇವೆ. ಬೆಳೆಗೆ ಹೋಗದ ದನವನ್ನು ಅಪ್ರಾಮಾಣಿಕತೆಯಿಂದ ಹೊಡೆದುಕೊಂಡು ಹೋದರೆ ಅದು ಕಳವು. ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು. ಹೆದರಿಸಿ ಹಣ ಕಿತ್ತರೆ ಸುಲಿಗೆ, 308ನೆಯ ಕಲಮು. ಠಾಣೆಯಲ್ಲಿ ದೂರು ಬರೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಕಿವಿಗೊಡದಿದ್ದರೆ ಮ್ಯಾಜಿಸ್ಟ್ರೇಟರ ಬಾಗಿಲಿದೆ. ತಡಮಾಡಬೇಡಿ, ಮೊದಲ ದಿನವೇ ಹೋಗಿ. ಒಬ್ಬರೇ ಹೋಗಬೇಡಿ. ಪಾಳಿ ಮುಗಿಸಿದ ಗೆಳೆಯರನ್ನೂ, ಹಸುವನ್ನು ಬಲ್ಲ ಅಂಗಡಿಯವರನ್ನೂ ಸಾಕ್ಷಿಗೆ ಕರೆದೊಯ್ಯಿರಿ. ಒಂದು ದಿನದ ಕೂಲಿ ಹೋಗುತ್ತದೆ, ನಿಜ. ಬಡವನಿಗೆ ನ್ಯಾಯದ ಮೊದಲ ಶುಲ್ಕವೇ ಅದು.

ಇನ್ನೊಂದು ಮಾತು. ಹಸು ಪರರ ಹೊಲಕ್ಕೆ ಹೋಗುವುದಾದರೂ ಏಕೆ? 1966ರ ಭೂಕಂದಾಯ ನಿಯಮಗಳ 97ನೆಯ ನಿಯಮದಂತೆ ಪ್ರತಿ 100 ದನಗಳಿಗೆ 12 ಹೆಕ್ಟೇರಿಗೆ ಕಡಿಮೆಯಿಲ್ಲದಂತೆ ಗೋಮಾಳ ಬಿಟ್ಟಿರಬೇಕು. ಆ ಗೋಮಾಳಕ್ಕೆ ಬೇಲಿ ಹಾಕಿದವರನ್ನು ಯಾವ ದೊಡ್ಡಿಗೆ ಹೊಡೆದಿದ್ದಾರೆ? ಹಸುವಿನ ಅತಿಕ್ರಮಕ್ಕೆ 24 ಗಂಟೆ, ಧಣಿಯ ಅತಿಕ್ರಮಕ್ಕೆ ತಲೆಮಾರು!

ಹುತ್ತೂರು ಹೋಬಳಿಯ ಪ್ರತಿ ಗ್ರಾಮದ ಗೋಮಾಳದ ಸರ್ವೆ ನಂಬರು, ವಿಸ್ತೀರ್ಣ, ದನಗಳ ಎಣಿಕೆ, ಈಗ ಅಲ್ಲಿ ಯಾರು ಉಳುತ್ತಿದ್ದಾರೆ ಎಂಬ ಪಟ್ಟಿಯನ್ನು ಕೋಲಾರದ ತಹಸೀಲ್ದಾರರು ನಾಡಕಛೇರಿಯ ಗೋಡೆಗೆ ಅಂಟಿಸಲಿ ಎಂದು ನಾವು ಒತ್ತಾಯಿಸುತ್ತೇವೆ. ಅಂಟಿಸದಿದ್ದರೆ ಮಾಹಿತಿ ಹಕ್ಕು ಕಾಯಿದೆಯಡಿ ನಾವೇ ಅರ್ಜಿ ಹಾಕಿ ಪಡೆದು, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.