ಬಾಣಲೆಯ ಹತ್ತಿರ ಬಿಡದ ಮಗು

ನಮ್ಮ ಕೋಲಾರದ ಕಡೆ ದೀಪಾವಳಿ ಎಂದರೆ ನೋಮು. ಮುಳಬಾಗಿಲಾಗಲಿ, ಶ್ರೀನಿವಾಸಪುರವಾಗಲಿ, ಕೇದಾರೇಶ್ವರನ ನೋಮು ಇರುವ ಮನೆಯಲ್ಲಿ ಕಜ್ಜಾಯ ಬೇಯುವಾಗ ಮಕ್ಕಳು ಅಡುಗೆಮನೆಯ ಹೊಸಿಲು ದಾಟುವ ಹಾಗಿಲ್ಲ. ಮಡಿ ಒಂದು ಕಾರಣ, ಕಾದ ಎಣ್ಣೆ ಇನ್ನೊಂದು. "ಈಚೆ ಬರಬೇಡ್ರೋ, ಎಣ್ಣೆ ಸಿಡೀತದೆ" ಎಂದು ಅಜ್ಜಿ ಜಾಲರಿ ಸೌಟು ಎತ್ತಿಯೇ ಗದರುತ್ತಾಳೆ.

ಗದರಿಸಿಕೊಂಡು ಬೀದಿಗೆ ಬಂದ ಮಗುವಿನ ಕೈಗೆ ಮಾವನೋ ಚಿಕ್ಕಪ್ಪನೋ ಸುರ್‌ಸುರ್‌ಬತ್ತಿ ಹಚ್ಚಿ ಕೊಡುತ್ತಾನೆ. ಕಜ್ಜಾಯದ ಎಣ್ಣೆಯ ಬಿಸಿ ಸುಮಾರು 180 ಡಿಗ್ರಿ. ಸುರ್‌ಸುರ್‌ಬತ್ತಿಯ ತುದಿ 1000 ಡಿಗ್ರಿ ದಾಟುತ್ತದೆ. ಉರಿದು ಮುಗಿದ ಕಂಬಿಯನ್ನು ಅಲ್ಲೇ ಎಸೆದರೆ ಬರಿಗಾಲಿನ ಇನ್ನೊಂದು ಮಗು ತುಳಿಯುತ್ತದೆ. ನೀರಿನ ಬಕೆಟ್ಟು ಬಚ್ಚಲಲ್ಲೇ ಇರುತ್ತದೆ, ತಂದಿಡುವವರಿಲ್ಲ.

ಅದಕ್ಕಿಂತ ನನಗೆ ಭಯ ಹುಟ್ಟಿಸುವುದು ಠುಸ್ ಪಟಾಕಿ. ಸಿಡಿದದ್ದನ್ನು ಕಂಡು ಎಲ್ಲರೂ ಓಡುತ್ತಾರೆ, ಸಿಡಿಯದ್ದರ ಮೇಲೆ ಬಗ್ಗುತ್ತಾರೆ. ಹೂಕುಂಡ ಹತ್ತಿಲ್ಲವೆಂದು ಮುಖ ಇಳಿಸಿ ನೋಡುವ ಆ ಒಂದು ಗಳಿಗೆಯೇ ಕಣ್ಣು ಕಳೆಯುತ್ತದೆ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಪ್ರತಿ ದೀಪಾವಳಿಗೂ ಇದಕ್ಕೆಂದೇ ಹಾಸಿಗೆ ಕಾದಿರಿಸುತ್ತದೆ. ಅಲ್ಲಿಗೆ ಬರುವವರಲ್ಲಿ ಪಟಾಕಿ ಮುಟ್ಟದೆ, ಸುಮ್ಮನೆ ನೋಡುತ್ತ ನಿಂತಿದ್ದವರೂ ಇರುತ್ತಾರೆ. ಕಿಡಿ ಬಿದ್ದ ಕಣ್ಣನ್ನು ಉಜ್ಜಬಾರದು, ಮನೆಮದ್ದು ಹಾಕಬಾರದು, ನೇರ ಆಸ್ಪತ್ರೆಗೆ ಓಡಬೇಕು. ಸುಟ್ಟ ಕೈಗಾದರೆ ಇಪ್ಪತ್ತು ನಿಮಿಷ ನಲ್ಲಿ ನೀರು. ಟೂತ್‌ಪೇಸ್ಟೂ ಬೇಡ, ಇಂಕೂ ಬೇಡ.

ಮಾಲೂರಿನವರಿಗೆ ಅತ್ತಿಬೆಲೆ ದೂರವಲ್ಲ. ಹಬ್ಬ ಬಂದರೆ ಅಗ್ಗದ ಪಟಾಕಿಗೆಂದು ಆ ಕಡೆಗೋ ಹೊಸೂರಿಗೋ ಹೋಗಿ ಚೀಲ ತುಂಬಿಸಿಕೊಂಡು ಬರುವುದುಂಟು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿತ್ತು. ಹದಿನಾಲ್ಕಕ್ಕೂ ಹೆಚ್ಚು ಜನ ಸತ್ತರು. ಹಬ್ಬದ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ಹುಡುಗರೇ ಅವರಲ್ಲಿ ಹೆಚ್ಚು. ಆಮೇಲೆ ಸರ್ಕಾರ ಮೆರವಣಿಗೆ, ಮದುವೆಗಳಲ್ಲಿ ಪಟಾಕಿ ಬೇಡವೆಂದಿತು. ನಮ್ಮೂರ ಮೆರವಣಿಗೆಗಳ ಸದ್ದು ಕೇಳಿದರೆ ಆ ಮಾತು ಯಾರಿಗೂ ನೆನಪಿದ್ದಂತಿಲ್ಲ. ಮನೆಗೆ ಬಂದ ಚೀಲದ ಕತೆಯೂ ಅಷ್ಟೆ. ದೇವರ ಗೂಡಿನ ದೀಪದ ಕೆಳಗೋ ಗ್ಯಾಸ್ ಸಿಲಿಂಡರಿನ ಪಕ್ಕವೋ ಕೂತಿರುತ್ತದೆ, ಪುಟ್ಟ ಅತ್ತಿಬೆಲೆಯ ಹಾಗೆ.

"ಹಸಿರು ಪಟಾಕಿ ಸಾರ್, ಏನೂ ಆಗಲ್ಲ" ಎನ್ನುವವರೂ ಸಿಗುತ್ತಾರೆ. ಹಸಿರಿನಿಂದ ಕಡಿಮೆಯಾಗುವುದು ಹೊಗೆ ಮತ್ತು ದೂಳು. ಬೆಂಕಿ ಬೆಂಕಿಯೇ. ಕೊಟ್ಟಿಗೆಯ ಹಸು ಕಣ್ಣಿ ಹರಿದುಕೊಳ್ಳುವುದಕ್ಕೂ, ಹುಲ್ಲಿನ ಮೆದೆ ಹತ್ತಿಕೊಳ್ಳುವುದಕ್ಕೂ ಪಟಾಕಿಯ ಬಣ್ಣ ಕಾರಣವಲ್ಲ.

ಬೀದಿಯ ಬೆಂಕಿಪೊಟ್ಟಣವನ್ನೂ ಆ ಅಜ್ಜಿಯ ಸೆರಗಿಗೇ ಕಟ್ಟಿಬಿಡೋಣ ಎಂದು ಎಷ್ಟೋ ಸಲ ಅನಿಸಿದೆ. ಆದರೆ ಆಕೆ ಬರುವಂತಿಲ್ಲ. ಬಾಣಲೆಯಲ್ಲಿ ಇನ್ನೂ ಒಂದು ಸುತ್ತು ಕಜ್ಜಾಯವಿದೆ.