ಯಾರಿಗಾಗಿ ಮನೆ?

ಮನೆಯೆಂಬುದು ಗೋಡೆಗಳಿಂದಾಗುವುದಲ್ಲ, ಬಾಳುವವರಿಂದಾಗುವುದೆಂದು ನಾವು ನಂಬಿದ್ದೇವೆ. ಇಂಗ್ಲೆಂಡಿನ ಕಾರ್ನ್‌ವಾಲ್ ಕಡಲತೀರದ ಪುಟ್ಟ ಪಟ್ಟಣ ಸೇಂಟ್ ಐವ್ಸ್‌ನಲ್ಲಿ ಸುಮಾರು ನಾಲ್ಕು ಮನೆಗಳಲ್ಲೊಂದು ರಜೆಯ ಬಿಡಾರವಾಗಿತ್ತು. ದುಡಿದುಣ್ಣುವವರಿಗೆ ಹುಟ್ಟೂರಿನಲ್ಲೇ ಸೂರು ದುರ್ಲಭವಾಯಿತು. ಹೊಸದಾಗಿ ಕಟ್ಟುವ ಮನೆಗಳು ಅಲ್ಲಿಯೇ ನೆಲೆಸುವವರಿಗೆ ಮೀಸಲಾಗಲೆಂದು 2016ರ ಮೇ ತಿಂಗಳಲ್ಲಿ ಊರವರು ಮತವಿತ್ತರು. ಶೇಕಡ 80ಕ್ಕೂ ಹೆಚ್ಚು ಮತಗಳು ಪರವಾಗಿದ್ದವು. ಅದೇ ವರ್ಷ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ ಹಳೆಯ ಮನೆಗಳಿಗೆ ಈ ಕಟ್ಟಳೆಯಿಲ್ಲ. ಹಣವಂತರ ಕಣ್ಣು ಅತ್ತ ಹೊರಳಲು ಅಡ್ಡಿಯೂ ಇಲ್ಲ. ಆದರೂ ಆ ಜನರ ವಿವೇಕ ಮೆಚ್ಚತಕ್ಕದ್ದು. ಅವರು ಮನೆಗಳೇ ಬೇಡವೆನ್ನಲಿಲ್ಲ, ಯಾರಿಗಾಗಿ ಎಂದು ಕೇಳಿದರು. ಹೊಸ ಬಡಾವಣೆಯ ಮಾತೆದ್ದಾಗ ನಾವು ನಿವೇಶನಗಳನ್ನು ಎಣಿಸುತ್ತೇವೆ. ಸಂಜೆ ದೀಪ ಹಚ್ಚುವ ಮನೆಗಳೆಷ್ಟಾದಾವೆಂದು ಎಣಿಸುವುದನ್ನೂ ಕಲಿಯಬೇಕು. ಬೀಗ ಹಾಕಿದ ಮನೆಗಳ ಸಾಲಿನಿಂದ ಊರು ಬೆಳೆಯದು.